ಕಾಣದ್ದು, ನೋಡದ್ದು

ಬೇಸಿಗೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಮನೆಗಳೇ ಚಕ್ರ ಕಟ್ಟಿಕೊಂಡು ಹೊರಡುತ್ತವೆ. ಒಲೆ, ಮಂಚ, ಬಚ್ಚಲು, ನೀರಿನ ತೊಟ್ಟಿ ಎಲ್ಲವನ್ನೂ ಒಳಗಿಟ್ಟುಕೊಂಡ ಟ್ರಾವೆಲ್ ಟ್ರೇಲರನ್ನು ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿ ಹಾಕಿಕೊಂಡು ಕುಟುಂಬಗಳು ಸಾವಿರಾರು ಮೈಲಿ ಸುತ್ತುತ್ತವೆ. ಅದೇ ರಸ್ತೆಗಳ ಅಂಚಿನಲ್ಲಿ ಒಂದು ಬದಿಗೆ ವಾಲಿ ನಿಂತ ಟ್ರೇಲರೂ ಅಪರೂಪವಲ್ಲ. ಟೈರು ಒಡೆದು, ಅದರ ಕಿತ್ತ ಪಟ್ಟಿ ಚಾವಟಿಯಂತೆ ಬಡಿದು, ಚಕ್ರದ ಮೇಲಿನ ತಗಡು ಹರಿದಿರುತ್ತದೆ. ಕೆಲವೊಮ್ಮೆ ನೆಲದಡಿಯ ತಂತಿ, ಕೊಳವೆಗಳೂ ಕಿತ್ತು ಬಂದಿರುತ್ತವೆ. ಟ್ರೇಲರ್ ಓಲಾಡಿ ಎಳೆಯುವ ವಾಹನವನ್ನೂ ಮಗುಚಿಹಾಕಿದರೆ ಜೀವವೇ ಹೋಗುತ್ತದೆ. ಬದುಕಿ ರಸ್ತೆಬದಿಗೆ ನಿಂತವರು ಇದನ್ನು ದುರದೃಷ್ಟ ಎನ್ನುತ್ತಾರೆ. ದೇವರು ದೊಡ್ಡವನು, ಇಷ್ಟರಲ್ಲೇ ಮುಗಿಯಿತು ಎಂದೂ ಸೇರಿಸುತ್ತಾರೆ. ಈ ಎರಡು ಮಾತುಗಳನ್ನೂ ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಅವನ್ನು ಆಡಬೇಕಾದ ಜಾಗ ತಲುಪುವ ಬಹಳ ಮೊದಲೇ ನಾವು ಆಡಿಬಿಡುತ್ತೇವೆ ಎಂಬುದು ನನ್ನ ವಾದ.

ಅದೃಷ್ಟ ಎಂದಾಗ ಇಂದು ನಮಗೆ ಲಾಟರಿ ಚೀಟಿ, ಹಣೆಬರಹ ನೆನಪಾಗುತ್ತವೆ. ಪದದ ಒಡಲಲ್ಲಿರುವುದು ಮಾತ್ರ ಇಷ್ಟೇ: ದೃಷ್ಟವಲ್ಲದ್ದು, ಕಣ್ಣಿಗೆ ಬೀಳದ್ದು. ಕಣಾದನ ವೈಶೇಷಿಕ ಸೂತ್ರಗಳಲ್ಲಿ ಸೂಜಿ ಅಯಸ್ಕಾಂತದತ್ತ ಸರಿಯುವುದಕ್ಕೂ ಬೆಂಕಿಯ ಜ್ವಾಲೆ ಮೇಲಕ್ಕೇ ಏಳುವುದಕ್ಕೂ ಅದೃಷ್ಟವನ್ನು ಕಾರಣವೆಂದು ಹೇಳಿದೆ. ಕಾರಣವೇ ಇಲ್ಲ ಎನ್ನಲು ಆ ಪದ ಹುಟ್ಟಲಿಲ್ಲ. ಕಾರಣ ಇದೆ, ನಮ್ಮ ಕಣ್ಣಿಗೆ ಸಿಕ್ಕಿಲ್ಲ ಎನ್ನಲು ಹುಟ್ಟಿತು. ಮುಂದೆ ಪ್ರಶಸ್ತಪಾದನಂಥವರು ಅದನ್ನು ಆತ್ಮಕ್ಕೆ ಅಂಟಿದ ಧರ್ಮಾಧರ್ಮಗಳೊಡನೆ ಗುರುತಿಸಿದ ಮೇಲೆ ಪದಕ್ಕೆ ನೈತಿಕ ಭಾರ ಬಂತು. ಇದರ ಜೊತೆಗೆ ಕನ್ನಡದ ಎರಡು ಕ್ರಿಯಾಪದಗಳನ್ನು ಇಟ್ಟುಕೊಂಡರೆ ನನ್ನ ಮಾತು ಸುಲಭವಾಗುತ್ತದೆ. ಕಾಣುವುದು ತಾನಾಗಿ ಆಗುವಂಥದ್ದು; ಬೆಳಕಿದ್ದು ಕಣ್ಣಿದ್ದರೆ ಕಂಡೀತು. ನೋಡುವುದಕ್ಕೆ ಕತ್ತು ತಿರುಗಿಸಬೇಕು, ಬಗ್ಗಬೇಕು, ಮನಸ್ಸು ಮಾಡಬೇಕು. ಕಾಣದ್ದಕ್ಕಾಗಿ ಯಾರನ್ನೂ ದೂರಲಾಗದು, ನೋಡದ್ದಕ್ಕಾಗಿ ದೂರಬಹುದು. ಒಡೆದ ಟೈರಿನ ಮುಂದೆ ನಿಂತು ನಾವು ಅದೃಷ್ಟದ ಲೆಕ್ಕಕ್ಕೆ ಬರೆಯುವುದರಲ್ಲಿ ಎಷ್ಟೋ ಪಾಲು ನೋಡದೆ ಬಿಟ್ಟದ್ದು. ಇನ್ನಷ್ಟು ಪಾಲು, ಬೇರೆ ಯಾರೋ ನಮಗೆ ಕಾಣದಂತೆ ಮಾಡಿಟ್ಟದ್ದು. ಇವೆರಡನ್ನೂ ಕಳೆದು ಉಳಿದದ್ದಕ್ಕಷ್ಟೇ ಆ ಹೆಸರು ಸಲ್ಲಬೇಕು.

ಟೈರು ಒಡೆಯುವುದು ಕ್ಷಣದಲ್ಲಿ, ಒಡೆಯಲು ಸಜ್ಜಾಗುವುದು ವರ್ಷಗಟ್ಟಲೆ. ಟ್ರೇಲರಿಗೆಂದೇ ಮಾಡಿದ ಟೈರಿನ ಮೈಮೇಲೆ ಎಸ್‌ಟಿ ಎಂಬ ಅಕ್ಷರಗಳಿರುತ್ತವೆ, ಸ್ಪೆಷಲ್ ಟ್ರೇಲರ್ ಎಂದು. ಭಾರ ಹೊರಲೆಂದು ಅದರ ಪಕ್ಕೆಯನ್ನು ಗಡುಸಾಗಿ ಕಟ್ಟಿರುತ್ತಾರೆ. ಟ್ರೇಲರಿನ ಚಕ್ರಗಳಿಗೆ ಕಾರಿನ ಮುಂಚಕ್ರಗಳಂತೆ ದಿಕ್ಕು ತಿರುಗಿಸಲು ಬರುವುದಿಲ್ಲ. ಒಂದರ ಹಿಂದೊಂದು ಎರಡು ಅಚ್ಚುಗಳಿರುವ ಟ್ರೇಲರನ್ನು ಬಿಗಿಯಾದ ತಿರುವಿನಲ್ಲಿ ಎಳೆದರೆ ಚಕ್ರಗಳು ಉರುಳುವುದರ ಜೊತೆಗೆ ಅಡ್ಡಡ್ಡಕ್ಕೂ ಉಜ್ಜಿಕೊಂಡು ಹೋಗುತ್ತವೆ. ರಬ್ಬರಿನೊಳಗೆ ಒಂದರ ಮೇಲೊಂದು ಕೂತ ಉಕ್ಕಿನ ತಂತಿಪಟ್ಟಿಗಳು ಆಗ ಒಂದನ್ನೊಂದು ಜಗ್ಗುತ್ತವೆ. ಅವುಗಳ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿನಲ್ಲೂ ಪಕ್ಕೆ ಹೆಚ್ಚು ಮಡಿಯುತ್ತದೆ, ಮಡಿದಷ್ಟೂ ಕಾಯುತ್ತದೆ, ಕಾದಷ್ಟೂ ರಬ್ಬರಿಗೂ ಉಕ್ಕಿಗೂ ಇರುವ ಹಿಡಿತ ಸಡಿಲಾಗುತ್ತದೆ. ಇನ್ನು ವರ್ಷದ ಬಹುಪಾಲು ಅಂಗಳದಲ್ಲಿ ನಿಂತೇ ಇರುವುದು ಟ್ರೇಲರಿನ ಜಾತಕ. ಓಝೋನಿನಿಂದ ಕಾಪಾಡಲೆಂದು ರಬ್ಬರಿನಲ್ಲಿ ಬೆರೆಸಿದ ಮೇಣ ಟೈರು ಉರುಳಿ ಬಾಗಿದಾಗ ಹೊರಮೈಗೆ ಬರುತ್ತದೆ. ನಿಂತ ಟೈರಿಗೆ ಆ ಕಾವಲು ಸರಿಯಾಗಿ ಸಿಗುವುದಿಲ್ಲ. ಹೀಗಾಗಿ ಮೇಲಿನ ಗೀರುಗಳು ಹೊಚ್ಚ ಹೊಸದರಂತೆ ಆಳವಾಗಿರುವಾಗಲೇ ಟೈರು ಒಳಗೊಳಗೆ ಮುದಿಯಾಗಿರುತ್ತದೆ. ಜೂನ್ ತಿಂಗಳಲ್ಲಿ ಕಡಿಮೆ ಗಾಳಿಯಲ್ಲಿ ಒಂದು ದಿನ ಓಡಿಸಿದ್ದರ ಪೆಟ್ಟು ಮರುದಿನ ಗಾಳಿ ತುಂಬಿಸಿದರೆ ಅಳಿಯುವುದಿಲ್ಲ. ಆಗಸ್ಟಿನಲ್ಲಿ, ಗಾಳಿ ಸರಿಯಿರುವ ಒಂದು ದಿನ, ನೆವಾಡದ ಬಿಸಿಲಿನಲ್ಲಿ ಅದು ಫಲಕ್ಕೆ ಬರಬಹುದು. ಇಂದು ಮಾಡಿದ ಯಾಗ ಎಂದೋ ಫಲ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಮೀಮಾಂಸಕರು ಅಪೂರ್ವ ಎಂಬ ಕಾಣದ ಕೊಂಡಿಯನ್ನು ಹೇಳಿದರು. ಟೈರಿನಲ್ಲಿ ಆ ಕೊಂಡಿ ಉಕ್ಕಿನ ಪಟ್ಟಿಯ ಅಂಚಿನ ಬಿರುಕಾಗಿ ಕೂತಿರುತ್ತದೆ. ಒಡೆದ ದಿನವನ್ನಷ್ಟೇ ನೋಡುವವನಿಗೆ ಅದು ಆಕಸ್ಮಿಕವಾಗಿಯೇ ಕಾಣಬೇಕು.

ಹಾಗಾದರೆ ಮಾಲೀಕನಿಗೆ ನೋಡಲು ಸಾಧ್ಯವಿದ್ದದ್ದು ಎಷ್ಟು? ಮೊದಲನೆಯದು ವಯಸ್ಸು. ಅಮೆರಿಕದಲ್ಲಿ ಮಾರುವ ಪ್ರತಿ ಟೈರಿನ ಮೇಲೂ ಡಿಒಟಿ ಎಂದು ಶುರುವಾಗುವ ಗುರುತು ಇರುತ್ತದೆ. 2000ದಿಂದ ಈಚೆಗೆ ಅದರ ಕೊನೆಯ ನಾಲ್ಕು ಅಂಕಿಗಳು ಟೈರು ಹುಟ್ಟಿದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಟ್ರೇಲರ್ ಟೈರುಗಳಲ್ಲಿ ಈ ಪೂರ್ಣ ಸಂಖ್ಯೆ ಒಂದು ಪಕ್ಕದಲ್ಲಿದ್ದರೆ ಸಾಕು. ಆ ಪಕ್ಕವನ್ನು ಒಳಮುಖ ಮಾಡಿ ಕೂರಿಸಿದ್ದರೆ ಟ್ರೇಲರಿನ ಅಡಿಗೆ ತೆವಳಿ ಟಾರ್ಚು ಹಿಡಿದು ಓದಬೇಕು. ಎರಡನೆಯದು ಭಾರ. 15 ಇಂಚಿನ ಚಕ್ರಕ್ಕೆ ಬರುವ 225/75 ಅಳತೆಯ ಡಿ ದರ್ಜೆಯ ಟೈರು 65 ಪೌಂಡ್ ಗಾಳಿಯಲ್ಲಿ 2,540 ಪೌಂಡ್, ಅಂದರೆ ಸುಮಾರು 1,150 ಕಿಲೋ ಹೊರುತ್ತದೆ. ಗಾಳಿ ಇಳಿದಂತೆ ಈ ಶಕ್ತಿಯೂ ಇಳಿಯುತ್ತದೆ. ಒಟ್ಟು ತೂಕ ಮಿತಿಯೊಳಗೇ ಇದ್ದರೂ ಅಡುಗೆಮನೆಯೂ ತುಂಬಿದ ತೊಟ್ಟಿಯೂ ಒಂದೇ ಬದಿಗಿದ್ದರೆ ಆ ಬದಿಯ ಟೈರುಗಳು ಮಿತಿ ದಾಟಿರಬಹುದು. ಅದು ಗೊತ್ತಾಗಬೇಕಾದರೆ ಒಂದೊಂದು ಚಕ್ರವನ್ನೂ ಬೇರೆಯಾಗಿ ತೂಗಿಸಬೇಕು. ಮೂರನೆಯದು ವೇಗ. ಬೇರೆ ಗುರುತಿಲ್ಲದ ಎಸ್‌ಟಿ ಟೈರಿಗೆ ಗಂಟೆಗೆ 65 ಮೈಲಿಯೇ ಗಡಿ ಎಂಬುದು ಬಹುಕಾಲದ ವಾಡಿಕೆ. ಟ್ರೇಲರ್ ಎಳೆಯುವವರಿಗೆ ಕ್ಯಾಲಿಫೋರ್ನಿಯ 55 ಮೈಲಿಯ ಮಿತಿ ಹಾಕಿದೆ. ಟೆಕ್ಸಾಸಿನ ಒಂದು ಹೆದ್ದಾರಿಯಲ್ಲಿ ಫಲಕ 85 ಎನ್ನುತ್ತದೆ. ಫಲಕದ ಮಾತು ರಸ್ತೆಯ ಬಗ್ಗೆ, ಟೈರಿನ ಬಗ್ಗೆ ಅಲ್ಲ. ಇದಾವುದಕ್ಕೂ ವಿಶೇಷ ಪಾಂಡಿತ್ಯ ಬೇಡ. ಬಗ್ಗುವ ಮನಸ್ಸು ಬೇಕು.

ಬಗ್ಗದೆ ಇರುವುದು ಪಾಪವೇ? ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯೂ. ಕೆ. ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಒಡೆಯನನ್ನು ಕಲ್ಪಿಸಿಕೊಳ್ಳುತ್ತಾನೆ. ಹಡಗು ಹಳೆಯದು, ವಲಸೆಗಾರರನ್ನು ತುಂಬಿಕೊಂಡು ಹೊರಡಬೇಕಿದೆ. ರಿಪೇರಿ ಬೇಕೇನೋ ಎಂಬ ಅನುಮಾನ ಒಡೆಯನನ್ನು ಕಾಡುತ್ತದೆ. ಇಷ್ಟು ಯಾನ ಮುಗಿಸಿದ ಹಡಗು ಇದೊಂದನ್ನೂ ಮುಗಿಸೀತು, ಮನೆಮಠ ಬಿಟ್ಟು ಹೊರಟ ಇವರನ್ನು ದೇವರು ಕೈಬಿಡನು ಎಂದು ಅವನು ಆ ಅನುಮಾನವನ್ನು ಅದುಮುತ್ತಾನೆ. ಅವನ ನಂಬಿಕೆ ಪ್ರಾಮಾಣಿಕವೇ. ಹಡಗು ಮುಳುಗುತ್ತದೆ. ಅವನು ತಪ್ಪಿತಸ್ಥ ಎನ್ನುವುದಕ್ಕಷ್ಟೇ ಕ್ಲಿಫರ್ಡ್ ನಿಲ್ಲುವುದಿಲ್ಲ. ಹಡಗು ಸುಖವಾಗಿ ದಡ ಸೇರಿದ್ದರೂ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ ಎನ್ನುತ್ತಾನೆ. ಅಲ್ಲಿ ಅಪರಾಧ ನಡೆದದ್ದು ಸಮುದ್ರದಲ್ಲಿ ಅಲ್ಲ, ಅನುಮಾನವನ್ನು ಅದುಮಿದ ಮನಸ್ಸಿನಲ್ಲಿ. ಏಳು ವರ್ಷದ ಟೈರಿನ ಮೇಲೆ ಮಕ್ಕಳ ಮಂಚವನ್ನೂ ಎದುರು ಬರುವವರ ಜೀವವನ್ನೂ ಹೇರಿ, ಹೋದ ವರ್ಷ ಏನೂ ಆಗಲಿಲ್ಲವಲ್ಲ ಎಂದುಕೊಂಡು ಹೊರಡುವವನಿಗೂ ಆ ಒಡೆಯನಿಗೂ ನನಗೆ ಅಂತರ ಕಾಣುತ್ತಿಲ್ಲ. ಹೋದ ವರ್ಷ ಏನೂ ಆಗಲಿಲ್ಲ ಎಂಬುದು ಟೈರು ಗಟ್ಟಿಯಾಗಿದೆ ಎನ್ನಲು ಪುರಾವೆಯಲ್ಲ. ಅದು ಇನ್ನೊಂದು ವರ್ಷ ಸವೆದಿದೆ ಎನ್ನಲು ಪುರಾವೆ.

ಕ್ಲಿಫರ್ಡ್‌ಗೆ ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಎತ್ತಬಹುದು. ಎಲ್ಲದಕ್ಕೂ ಪುರಾವೆ ಬರಲಿ ಎಂದು ಕಾಯುತ್ತ ಕೂತರೆ ಬದುಕೇ ಹೊರಡುವುದಿಲ್ಲ. ಪುರಾವೆ ತೀರ್ಮಾನ ಹೇಳಲಾರದ ಕಡೆ, ಆಯ್ಕೆ ತಪ್ಪಿಸಿಕೊಳ್ಳಲಾಗದ ಕಡೆ, ನಂಬಿ ಮುನ್ನಡೆಯುವ ಹಕ್ಕು ನಮಗಿದೆ ಎಂಬುದು ಅವರ ವಾದ. ದೇವರನ್ನು ನಂಬಿ ಹೊರಡುವವರ ಪರವಾಗಿ ಇದಕ್ಕಿಂತ ಗೌರವದ ವಾದ ನನಗೆ ಗೊತ್ತಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಜೇಮ್ಸ್ ಕೊಟ್ಟ ಹಕ್ಕಿಗೆ ಒಂದು ಷರತ್ತು ಅಂಟಿಕೊಂಡಿದೆ: ಪ್ರಶ್ನೆ ಬುದ್ಧಿಯಿಂದ ತೀರ್ಮಾನವಾಗದಂಥದ್ದಾಗಿರಬೇಕು. ಮರಣದಾಚೆ ಏನಿದೆ ಎಂಬುದು ಅಂಥ ಪ್ರಶ್ನೆ. ಟೈರಿಗೆ ಎಷ್ಟು ವಯಸ್ಸಾಗಿದೆ ಎಂಬುದು ಐದು ನಿಮಿಷ ನೆಲಕ್ಕೆ ಬೆನ್ನು ಹಚ್ಚಿದರೆ ತೀರುವ ಪ್ರಶ್ನೆ. ತೀರುವ ಪ್ರಶ್ನೆಯನ್ನು ತೀರದ ಪ್ರಶ್ನೆಗಳ ಸಾಲಿನಲ್ಲಿ ಕೂರಿಸಿ ದೇವರಿಗೆ ಒಪ್ಪಿಸುವುದನ್ನು ಭಕ್ತಿ ಎನ್ನಲು ನನ್ನ ಮನಸ್ಸು ಒಪ್ಪದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಕ್ರೌರ್ಯವಾಗುತ್ತದೆ, ಏಕೆಂದರೆ ಇದಕ್ಕಿರುವ ಬಲವಾದ ಆಕ್ಷೇಪಣೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಸಾಲ ಮಾಡಿ ಟ್ರೇಲರ್ ಕೊಂಡ ಸಾಮಾನ್ಯ ಮನುಷ್ಯನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಪೆಟ್ಟು ತಿಂದವನಿಗೇ ಮತ್ತೆ ಪೆಟ್ಟು ಕೊಟ್ಟಂತೆ ಎಂಬುದು ಆ ಆಕ್ಷೇಪಣೆ. ಆ ಟೈರನ್ನು ಅವನು ಆರಿಸಿದವನೇ ಅಲ್ಲ. ಅಮೆರಿಕದ ಇಂಥ ವಾಹನಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ. ಅಲ್ಲಿ ಟ್ರೇಲರಿಗೆ ಯಾವ ಟೈರು ಎಂದು ತೀರ್ಮಾನಿಸುವವರು ತಯಾರಕರು. ಹೊರಬೇಕಾದ ಭಾರಕ್ಕಿಂತ ಟೈರಿನ ಶಕ್ತಿ ಶೇಕಡ 10ರಷ್ಟಾದರೂ ಹೆಚ್ಚಿರಬೇಕೆಂದು ಅವರ ಉದ್ಯಮ ಸಂಘವೇ ತನ್ನ ಸದಸ್ಯರಿಗೆ ವಿಧಿಸಿದ್ದು 2017ರಲ್ಲಿ. ಸರ್ಕಾರದ ಕಣ್ಣೂ ಅರ್ಧ ದಾರಿಗೆ ನಿಂತಿದೆ. ಫೈರ್‌ಸ್ಟೋನ್ ಟೈರುಗಳಿಂದ ಜನ ಸತ್ತು, 2000ದ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆದ ಮೇಲೆ ಅಮೆರಿಕದ ಸಂಸತ್ತು ಹೊಸ ಕಾನೂನು ತಂದಿತು. ಅದರ ಫಲವಾಗಿ ಕಾರು, ಪಿಕಪ್‌ಗಳಲ್ಲಿ ಗಾಳಿ ಇಳಿದರೆ ಎಚ್ಚರಿಸುವ ಸಾಧನ ಕಡ್ಡಾಯವಾಯಿತು, ಟೈರುಗಳಿಗೆ ಕಠಿಣ ಪರೀಕ್ಷೆಗಳು ಬಂದವು. ಆ ಸಾಧನ ಟ್ರೇಲರಿಗೆ ಕಡ್ಡಾಯವಿಲ್ಲ. ಆ ಹೊಸ ಪರೀಕ್ಷೆಗಳಿಂದ ಎಸ್‌ಟಿ ಟೈರುಗಳನ್ನು ಹೊರಗಿಡಲಾಗಿದೆ. ಕಾನೂನಿನ ದೃಷ್ಟಿ ಕೊಂಡಿಯವರೆಗೆ ಬಂದು ನಿಂತುಬಿಟ್ಟಿದೆ. ಎಳೆಯುವವನಿಗೆ ಹಿಂದಿನ ಟೈರು ಕಾಣುವುದಿಲ್ಲ, ಅದು ಮೆತ್ತಗಾದದ್ದು ಸ್ಟೀರಿಂಗಿನಲ್ಲಿ ತಿಳಿಯುವುದೂ ಇಲ್ಲ. ಎಚ್ಚರಿಕೆ ಹೆಚ್ಚು ಬೇಕಾದದ್ದೇ ಅಲ್ಲಿ.

ಎಲ್ಕಾರ್ಟ್ ಸೀಮೆಯ ಇನ್ನೊಂದು ಸಂಗತಿ ಈ ಪ್ರಶ್ನೆಗೆ ಹತ್ತಿರದ್ದು. ಆ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ದೊಡ್ಡ ಸಂಖ್ಯೆಯವರು ಆಮಿಶ್ ಕ್ರೈಸ್ತರು; ಸ್ವಂತ ಕಾರು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುವ ಜನ. ಅವರ ಕೆಲವು ಸಮುದಾಯಗಳಲ್ಲಿ ಹೊಲದ ಯಂತ್ರಗಳಿಗೆ ಗಾಳಿ ತುಂಬಿದ ರಬ್ಬರ್ ಟೈರು ನಿಷಿದ್ಧ, ಉಕ್ಕಿನ ಚಕ್ರವೇ ಇರಬೇಕು. ರಬ್ಬರ್ ಟೈರು ಬಂದರೆ ಟ್ರಾಕ್ಟರು ಹೊಲ ಬಿಟ್ಟು ಪೇಟೆಗೂ ಓಡೀತು, ಕೊನೆಗೆ ಕಾರಿನ ಜಾಗವನ್ನೇ ಹಿಡಿದೀತು, ನೆರೆಹೊರೆ ಚದುರೀತು ಎಂಬುದು ಅವರ ಆತಂಕ. ಅವರ ತೀರ್ಮಾನವನ್ನು ನಾವು ಒಪ್ಪಬೇಕಿಲ್ಲ. ಆದರೆ ಒಂದು ಚಕ್ರವನ್ನು ಬದುಕಿನೊಳಗೆ ಬಿಟ್ಟುಕೊಳ್ಳುವ ಮೊದಲು ಇದು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಸಮುದಾಯವೇ ಕೂತು ಕೇಳಿದೆ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ಆ ಪ್ರಶ್ನೆಯನ್ನು ಟ್ರೇಲರಿಗೆ ಟೈರು ಆರಿಸುವ ಮೇಜಿನಲ್ಲಿ ಕೇಳಬೇಕಿತ್ತು: ಇದು ಬೇಸಿಗೆಯ ಮರುಭೂಮಿಯಲ್ಲಿ, ತುಂಬಿದ ತೊಟ್ಟಿಯೊಡನೆ, ಐದನೇ ವರ್ಷ ಹೇಗಿರುತ್ತದೆ?

ನೋಡದ್ದಕ್ಕಿಂತ ಭಾರವಾದದ್ದು, ನೋಡಿಯೂ ಇತರರಿಗೆ ಕಾಣದಂತೆ ಮಾಡುವುದು. ಇದಕ್ಕೆ ನಾನು ಕೊಡುವ ಉದಾಹರಣೆ ಟ್ರೇಲರಿನದಲ್ಲ, ಸ್ವಂತ ಎಂಜಿನ್ ಇರುವ ಮೋಟಾರ್ ಹೋಮಿನದು; ಆದರೆ ಟೈರಿನ ಕತೆ ಅದೇ. ಗುಡ್‌ಇಯರ್ ಕಂಪನಿಯ ಜಿ159 ಎಂಬ ಟೈರನ್ನು ಮೋಟಾರ್ ಹೋಮುಗಳಿಗೂ ಹಾಕಲಾಗಿತ್ತು. 2003ರಲ್ಲಿ ಒಂದು ಕುಟುಂಬದ ವಾಹನ ರಸ್ತೆಯಿಂದಾಚೆ ಹೋಗಿ ಉರುಳಿದಾಗ ಅವರು ಮೊಕದ್ದಮೆ ಹೂಡಿದರು. ಆ ಟೈರು ಗಂಟೆಗೆ 55ರಿಂದ 65 ಮೈಲಿ ವೇಗದಲ್ಲಿ ಅಸಹಜವಾಗಿ ಕಾಯುತ್ತದೆ ಎಂದು ಸೂಚಿಸುವ ಪರೀಕ್ಷಾ ಫಲಿತಾಂಶಗಳು ಕಂಪನಿಯ ಬಳಿ ಇದ್ದವು. ಮೊಕದ್ದಮೆ 2010ರಲ್ಲಿ ರಾಜಿಯಾಗುವವರೆಗೂ ಅವು ಆ ಕುಟುಂಬದ ಕೈಗೆ ಬರಲಿಲ್ಲ. ಅರಿಜೋನದ ಫೆಡರಲ್ ನ್ಯಾಯಾಲಯ ಇದನ್ನು ದುರುದ್ದೇಶದ ಮುಚ್ಚಿಡುವಿಕೆ ಎಂದು ಕಂಡು 27 ಲಕ್ಷ ಡಾಲರ್ ಕೊಡಲು ಹೇಳಿತು. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಮೊತ್ತವನ್ನು ರದ್ದುಮಾಡಿತು. ಮುಚ್ಚಿಡದಿದ್ದರೆ ಆಗದೇ ಇರುತ್ತಿದ್ದ ಖರ್ಚನ್ನು ಮಾತ್ರ ವಸೂಲು ಮಾಡಬಹುದು ಎಂಬುದು ಅದು ಕೊಟ್ಟ ಕಾರಣ. ಟೈರಿನಲ್ಲಿ ದೋಷವಿಲ್ಲ ಎಂಬುದೇ ಕಂಪನಿಯ ನಿಲುವು; ಆದರೂ 2022ರಲ್ಲಿ ಅದು 1,73,237 ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವು ತಯಾರಾದದ್ದು 1996ರಿಂದ 2003ರ ನಡುವೆ. ನಡುವಿನ ಆ ವರ್ಷಗಳಲ್ಲಿ ಈ ಟೈರಿನ ಮೇಲೆ ಕುಟುಂಬ ಸಮೇತ ಹೊರಟವನು ಎಷ್ಟೇ ಬಗ್ಗಿ ನೋಡಿದರೂ ಅವನಿಗೆ ಆ ಬಿಸಿ ಕಾಣುತ್ತಿರಲಿಲ್ಲ. ಅವನ ಪಾಲಿಗೆ ಅದು ಅಕ್ಷರಶಃ ಅದೃಷ್ಟ, ಮನುಷ್ಯರು ತಯಾರಿಸಿದ ಅದೃಷ್ಟ. ಇಂಥದ್ದಕ್ಕೆ ದೈವದ ಹೆಸರು ಹಚ್ಚುವುದು ದೈವಕ್ಕೇ ಮಾಡುವ ಅನ್ಯಾಯ.

ಟ್ರೇಲರ್ ಮಾಲೀಕರಲ್ಲಿ ಚಾಲ್ತಿಯಲ್ಲಿರುವ ಒಂದು ಸುಲಭದ ಉತ್ತರ ಇದೆ: ಅಗ್ಗದ ಆಮದು ಟೈರುಗಳನ್ನು ಅವರು ಚೀನಾ ಬಾಂಬ್ ಎಂದು ಕರೆಯುತ್ತಾರೆ. ಇದರಲ್ಲಿ ಹುರುಳಿಲ್ಲವೆಂದಲ್ಲ. 2007ರಲ್ಲಿ ನ್ಯೂಜೆರ್ಸಿಯ ಒಂದು ಆಮದು ಸಂಸ್ಥೆ, ಉಕ್ಕಿನ ಪಟ್ಟಿಗಳು ಬೇರ್ಪಡದಂತೆ ತಡೆಯುವ ರಬ್ಬರಿನ ಪದರ ಇಲ್ಲ ಅಥವಾ ಸಾಲದು ಎಂಬ ಕಾರಣಕ್ಕೆ ಚೀನಾದಲ್ಲಿ ತಯಾರಾದ ಲಕ್ಷಾಂತರ ಟೈರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಆದರೆ ಫೈರ್‌ಸ್ಟೋನಿನ ಪ್ರಕರಣದಲ್ಲಿ ಹೆಚ್ಚು ಸುದ್ದಿಯಾದ ಕಾರ್ಖಾನೆ ಇದ್ದದ್ದು ಇಲಿನಾಯ್ ರಾಜ್ಯದಲ್ಲಿ, ಜಿ159ರ ಕಂಪನಿಯೂ ಅಮೆರಿಕದ್ದೇ. ದೇಶದ ಹೆಸರು ಕಾರಣವಲ್ಲ; ಎಷ್ಟು ಪರೀಕ್ಷೆ, ಯಾವ ಬೆಲೆಗೆ, ಯಾರ ಒತ್ತಾಯಕ್ಕೆ ಎಂಬುದು ಕಾರಣ. ನೋಡುವ ಶ್ರಮ ಉಳಿಸುವ ಹೆಸರುಗಳಲ್ಲಿ ಇದೂ ಒಂದು, ದುರದೃಷ್ಟ ಎಂಬ ಹೆಸರಿನಂತೆಯೇ.

ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಈ ಕ್ರಮದ ಮೇಲೆ ನನಗೆ ಬಹಳ ಗೌರವ. ದೈವವನ್ನು ಅದು ಬಿಟ್ಟಿಲ್ಲ, ಮೊದಲಿಗೂ ತಂದಿಲ್ಲ. ರಸ್ತೆ ಮತ್ತು ಬಿಸಿಲು, ಮಾಲೀಕ, ಟೈರು, ತಯಾರಿಸಿ ಮಾರಿ ಓಡಿಸಿದ ಕೈಗಳೆಲ್ಲದರ ಕೆಲಸ ಇವನ್ನು ಎಣಿಸಿ ಮುಗಿಸಿದ ಮೇಲೆ ಐದನೆಯದರ ಸರದಿ. ಅದೇ ಅಧ್ಯಾಯ, ತಾನೊಬ್ಬನೇ ಕರ್ತೃ ಎಂದು ಕಾಣುವವನು ಸರಿಯಾಗಿ ಕಾಣುತ್ತಿಲ್ಲ ಎಂದೂ ಎಚ್ಚರಿಸುತ್ತದೆ. ಎಲ್ಲ ತಪ್ಪನ್ನೂ ಮಾಲೀಕನ ತಲೆಗೆ ಕಟ್ಟುವ ತಯಾರಕರಿಗೂ, ಎಲ್ಲವನ್ನೂ ತನ್ನ ಮೇಲೆ ಎಳೆದುಕೊಂಡು ಕೊರಗುವ ತಂದೆಗೂ ಈ ಎಚ್ಚರಿಕೆ ಒಂದೇ ಹದದಲ್ಲಿ ತಾಗಬೇಕು. ಯಾರಿಗೆ ಎಷ್ಟು ಕಾಣುವಂತಿತ್ತೋ ಅಷ್ಟು ಪಾಲು ಅವರದು. ಕಾರ್ಖಾನೆಗೆ ಉಕ್ಕಿನ ಪಟ್ಟಿಯೊಳಗೇ ಕಾಣುತ್ತದೆ, ಅದರ ಪಾಲು ದೊಡ್ಡದು. ಮಾಲೀಕನಿಗೆ ಹೊರಮೈ ಮಾತ್ರ ಕಾಣುತ್ತದೆ, ಅವನ ಪಾಲು ಚಿಕ್ಕದು. ಆದರೆ ಸೊನ್ನೆಯಲ್ಲ.

ಹೀಗೆ ನೋಡುತ್ತಲೇ ಇದ್ದರೆ ನೆಮ್ಮದಿ ಎಲ್ಲಿ, ಪ್ರವಾಸ ಹೊರಡುವುದೇ ಭಯ ಮರೆಯಲು ಅಲ್ಲವೇ ಎಂದು ಕೇಳಬಹುದು. ನನ್ನ ಅನಿಸಿಕೆ ಇದರ ತಿರುಗುಮುರುಗು. ನೋಡುವುದಕ್ಕೆ ಒಂದು ಕೊನೆಯಿದೆ: ನಾಲ್ಕು ಅಂಕಿ, ತಣ್ಣಗಿರುವಾಗಿನ ಗಾಳಿ, ತೂಕದ ಚೀಟಿ, ನಿಂತಾಗಲೊಮ್ಮೆ ಚಕ್ರಕ್ಕೆ ಅಂಗೈ. ನೋಡದವನ ಭಯಕ್ಕೆ ಕೊನೆಯಿಲ್ಲ. ನಮ್ಮ ಆಯುಧಪೂಜೆಯ ದಿನ ವಾಹನ ತೊಳೆದು, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುವಾಗ ಮನುಷ್ಯ ವರ್ಷಕ್ಕೊಮ್ಮೆಯಾದರೂ ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಅಮೆರಿಕದ ದೇವಸ್ಥಾನಗಳ ಅಂಗಳದಲ್ಲೂ ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವ ಕನ್ನಡಿಗರಿದ್ದಾರೆ. ಅಷ್ಟು ಹತ್ತಿರ ಕೂತಾಗ ಕಣ್ಣಳತೆಯಲ್ಲೇ ಇರುವ ಆ ನಾಲ್ಕು ಅಂಕಿಗಳನ್ನು ಓದುವುದೂ ಪೂಜೆಯ ಅಂಗವಾಗಬಾರದೇಕೆ?

ಇಷ್ಟೆಲ್ಲ ನೋಡಿದ ಮೇಲೂ ಟೈರು ಒಡೆಯಬಹುದು. ವಯಸ್ಸು ಸರಿ, ಗಾಳಿ ಸರಿ, ಭಾರ ಸರಿ, ವೇಗ ಸರಿ, ತಯಾರಿಸಿದವರು ಏನನ್ನೂ ಮುಚ್ಚಿಟ್ಟಿಲ್ಲ. ಒಳಪದರದಲ್ಲಿ ಯಾವ ಕಣ್ಣಿಗೂ ಸಿಗದ ಒಂದು ಊನವಿತ್ತು. ಆಗ ದೈವ ಎನ್ನಬಹುದು, ಪೂರ್ಣ ಹಕ್ಕಿನಿಂದ. ಆದರೂ ಒಂದು ನೋಟ ಬಾಕಿ ಇರುತ್ತದೆ. ಟೈರಿನ ದೋಷದ ತನಿಖೆ ಶುರುವಾಗಲು ಮಾಲೀಕರ ದೂರುಗಳೂ ಆಧಾರ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಅವನ್ನು ಸ್ವೀಕರಿಸುತ್ತದೆ, ಟೈರಿನ ಸಂಖ್ಯೆ ಇದ್ದರೆ ಯಾವ ಕಾರ್ಖಾನೆಯ ಯಾವ ವಾರದ ಸರಕು ಎಂದು ಹಿಡಿಯಬಹುದು. ಅದೇ ವಾರ ಹುಟ್ಟಿದ ಇನ್ನಷ್ಟು ಟೈರುಗಳು ಆ ಹೊತ್ತಿಗೆ ಬೇರೆ ಬೇರೆ ಕುಟುಂಬಗಳನ್ನು ಹೊತ್ತು ಬೇರೆ ಬೇರೆ ರಸ್ತೆಗಳಲ್ಲಿರುತ್ತವೆ. ಒಡೆದ ಟೈರನ್ನು ಸಾಮಾನ್ಯವಾಗಿ ಬದಲಿ ಹಾಕಿದ ಅಂಗಡಿಯಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಮೇಲಿನ ಪಟ್ಟಿ ಪೂರ್ತಿ ಕಿತ್ತು ಹೋಗಿದ್ದರೂ ಪಕ್ಕೆಯ ಮೇಲೆ ಆ ಸಂಖ್ಯೆಯನ್ನು ಹಲವು ಸಲ ಇನ್ನೂ ಓದಬಹುದು.